ಕಾಲಾ ಆಜಾರ್, ಆರ್‌ಕೆ39 ಪಟ್ಟಿ ಮತ್ತು ರೋಗನಿರೋಧಕ ಪ್ರತಿಕ್ರಿಯೆ: ದಾವಣಗೆರೆ, ಚಿತ್ರದುರ್ಗದ ಲ್ಯಾಬ್‌ಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಬ್ ಟೆಕ್ನಿಷಿಯನ್‌ಗಳು, ಪಿಜಿ ವಿದ್ಯಾರ್ಥಿಗಳು, ತಾಲ್ಲೂಕು ಆಸ್ಪತ್ರೆಯ ವೈದ್ಯರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕಾಲಾ ಆಜಾರ್ ಎಂದರೆ ಮರಳುನೊಣ ಕಚ್ಚಿ ಹರಡುವ, ಲೀಶ್ಮೇನಿಯಾ ಎಂಬ ಪರಾವಲಂಬಿಯಿಂದ ಬರುವ ಜ್ವರದ ಕಾಯಿಲೆ. ಆರ್‌ಕೆ39 ಪಟ್ಟಿ ಎಂದರೆ ಅದರ ವಿರುದ್ಧದ ಆಂಟಿಬಾಡಿಯನ್ನು ರಕ್ತದಲ್ಲಿ ಹುಡುಕುವ ಸಣ್ಣ ಪರೀಕ್ಷಾ ಪಟ್ಟಿ. ಪ್ರತಿಜನಕ, ಪ್ರತಿಕಾಯ ಎಂಬ ಪುಸ್ತಕದ ಮಾತು ಬಿಟ್ಟು, ಲ್ಯಾಬಿನಲ್ಲಿ ದಿನಾ ಆಡುವ ಆಂಟಿಜೆನ್, ಆಂಟಿಬಾಡಿ ಎಂಬ ಮಾತನ್ನೇ ಬಳಸಿದ್ದೇವೆ. ಆಂಟಿಜೆನ್ ಎಂದರೆ ದೇಹ ಹೊರಗಿನದೆಂದು ಗುರುತಿಸುವ ಚೂರು, ಆಂಟಿಬಾಡಿ ಎಂದರೆ ಅದಕ್ಕೆ ಅಂಟಿಕೊಳ್ಳಲೆಂದು ದೇಹ ಮಾಡುವ ಪ್ರೊಟೀನ್.

ನಮ್ಮ ಜಿಲ್ಲೆಗಳಲ್ಲಿ ಕಾಲಾ ಆಜಾರ್ ಇಲ್ಲವಲ್ಲ, ಇದನ್ನೆಲ್ಲ ಯಾಕೆ ತಿಳಿಯಬೇಕು?

ಇಲ್ಲಿ ಹರಡುವ ಕಾಯಿಲೆ ಅಲ್ಲ, ನಿಜ. ಭಾರತದಲ್ಲಿ ಅದರ ನೆಲೆ ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ ಮತ್ತು ಉತ್ತರ ಪ್ರದೇಶದ ಪೂರ್ವ ಭಾಗ. ಸರ್ಕಾರಿ ಲೆಕ್ಕದಲ್ಲಿ ಈ 4 ರಾಜ್ಯಗಳ 54 ಜಿಲ್ಲೆ, 633 ಬ್ಲಾಕ್. ಆದರೆ ಕಾಯಿಲೆ ನೆಲೆ ಬಿಟ್ಟು ಕದಲದಿದ್ದರೂ ಮನುಷ್ಯರು ಕದಲುತ್ತಾರೆ. ಅಕ್ಕಿ ಗಿರಣಿ, ಕಟ್ಟಡ, ಹೆದ್ದಾರಿ, ಗಾಳಿಯಂತ್ರದ ಕೆಲಸ ಹುಡುಕಿಕೊಂಡು ಅಲ್ಲಿಂದ ಬಂದವರು ದಾವಣಗೆರೆ ಓಪಿಡಿಯಲ್ಲೂ ಸಿಗುತ್ತಾರೆ, ಚಿತ್ರದುರ್ಗದಲ್ಲೂ ಸಿಗುತ್ತಾರೆ. ಮರಳುನೊಣ ಕಚ್ಚಿ ಜ್ವರ ಶುರುವಾಗುವುದಕ್ಕೆ ಸಾಮಾನ್ಯವಾಗಿ 2ರಿಂದ 6 ತಿಂಗಳು ಬೇಕು, ಕೆಲವರಲ್ಲಿ ವರ್ಷ ದಾಟುತ್ತದೆ. ಹಾಗಾಗಿ "ಊರಿಗೆ ಹೋಗಿ ಬಂದು 8 ತಿಂಗಳಾಯ್ತು ಸಾರ್" ಎಂದ ಮಾತ್ರಕ್ಕೆ ಕಾಲಾ ಆಜಾರನ್ನು ಅನುಮಾನದ ಕಾಯಿಲೆಗಳ ಸಾಲಿನಿಂದ ತೆಗೆಯುವ ಹಾಗಿಲ್ಲ.

ಎರಡು ವಾರ ದಾಟಿದ ಜ್ವರ, ಕೈಗೆ ಸಿಗುವ ಗುಲ್ಮ, ಮಲೇರಿಯಾ ಔಷಧಿಗೂ ಆಂಟಿಬಯಾಟಿಕ್‌ಗೂ ಜಗ್ಗದ ಸ್ಥಿತಿ, ಜೊತೆಗೆ ಆ 54 ಜಿಲ್ಲೆಗಳ ನಂಟು. ಇಷ್ಟು ಕೂಡಿದರೆ ಪರೀಕ್ಷೆ ಮಾಡಿ. ನಂಟು ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಮುಂದೆ, ಲೆಕ್ಕದ ಸಮೇತ ಇದೆ.

ಪರಾವಲಂಬಿಗೆ ಆಂಟಿಬಾಡಿ ಅಷ್ಟೊಂದು ಹುಟ್ಟುತ್ತದೆ, ಆದರೂ ಅದು ಸಾಯುವುದಿಲ್ಲವೇಕೆ?

ಆಂಟಿಬಾಡಿ ರಕ್ತದಲ್ಲಿದೆ, ಪರಾವಲಂಬಿ ಜೀವಕೋಶದೊಳಗಿದೆ. ಲೀಶ್ಮೇನಿಯಾ ಡೊನೊವಾನಿ ಮನೆ ಮಾಡಿಕೊಳ್ಳುವುದು ಮ್ಯಾಕ್ರೋಫೇಜ್‌ನಲ್ಲಿ, ಅಂದರೆ ಸೂಕ್ಷ್ಮಜೀವಿಗಳನ್ನು ನುಂಗಿ ಅರಗಿಸಲೆಂದೇ ಇರುವ ಜೀವಕೋಶದಲ್ಲಿ. ಪೊಲೀಸ್ ಠಾಣೆಯೊಳಗೇ ಸಂಸಾರ ಹೂಡಿದ ಕಳ್ಳನ ಹಾಗೆ. ಆಂಟಿಬಾಡಿ ಒಳಗೆ ಹೋಗಲಾರದು. ಅಷ್ಟೇ ಅಲ್ಲ, ಆಂಟಿಬಾಡಿ ಅಂಟಿಕೊಂಡ ಪರಾವಲಂಬಿಯನ್ನು ಮ್ಯಾಕ್ರೋಫೇಜ್ ಇನ್ನೂ ಸಲೀಸಾಗಿ ನುಂಗುತ್ತದೆ, ಆ ದಾರಿಯಲ್ಲಿ ಐಎಲ್-10 ಎಂಬ ಸೈಟೋಕೈನ್ (ಜೀವಕೋಶಗಳ ನಡುವಿನ ಸಂದೇಶದ ಪ್ರೊಟೀನ್) ಕೂಡ ಹೆಚ್ಚುತ್ತದೆ. ಐಎಲ್-10 ಕೆಲಸ ಮ್ಯಾಕ್ರೋಫೇಜ್‌ನ ಕೈ ಕಟ್ಟುವುದು.

ಇನ್ನೊಂದು ಗಮನಿಸಬೇಕಾದ ಸಂಗತಿ: ಕಾಲಾ ಆಜಾರ್‌ನಲ್ಲಿ ಆಂಟಿಬಾಡಿ ತಯಾರಿಸುವ ಬಿ ಕೋಶಗಳು ಹದ ತಪ್ಪಿ ಎಬ್ಬಿಸಲ್ಪಡುತ್ತವೆ. ಪರಾವಲಂಬಿಗೆ ಸಂಬಂಧವೇ ಇಲ್ಲದ ಆಂಟಿಬಾಡಿಗಳೂ ರಾಶಿಗಟ್ಟಲೆ ತಯಾರಾಗುತ್ತವೆ. ರಿಪೋರ್ಟಿನಲ್ಲಿ ಆಲ್ಬುಮಿನ್ ಇಳಿದು ಗ್ಲೋಬ್ಯುಲಿನ್ ಏರಿರುತ್ತದೆ, ಎ-ಜಿ ಅನುಪಾತ ತಲೆಕೆಳಗಾಗಿರುತ್ತದೆ. ಇಂಥವರಲ್ಲಿ ರೂಮಟಾಯ್ಡ್ ಫ್ಯಾಕ್ಟರ್ ಕೂಡ ಪಾಸಿಟಿವ್ ಬರಬಹುದು. ಅದನ್ನು ನೋಡಿ ಕೀಲಿನ ಕಾಯಿಲೆ ಹುಡುಕಿಕೊಂಡು ಹೋಗಬೇಡಿ.

ಹಾಗಾದರೆ ಕಾಪಾಡುವುದು ಯಾವುದು?

ಟಿ ಕೋಶ. ಇದು ರಕ್ಷಣೆಯ ಇನ್ನೊಂದು ಬಗೆಯ ಬಿಳಿಕೋಶ. ಮ್ಯಾಕ್ರೋಫೇಜ್ ಅಥವಾ ಡೆಂಡ್ರಿಟಿಕ್ ಕೋಶ ಪರಾವಲಂಬಿಯ ಆಂಟಿಜೆನ್ ಚೂರನ್ನು ತನ್ನ ಮೈಮೇಲೆ ಎತ್ತಿ ತೋರಿಸುತ್ತದೆ, ಐಎಲ್-12 ಎಂಬ ಸೈಟೋಕೈನ್ ಸುರಿಸುತ್ತದೆ. ಸಿಡಿ4 ಎಂಬ ಬಗೆಯ ಟಿ ಕೋಶ ಅದನ್ನು ಗುರುತಿಸಿ ಇಂಟರ್‌ಫೆರಾನ್ ಗಾಮಾ ಎಂಬ ಸೈಟೋಕೈನ್ ಬಿಡುತ್ತದೆ. ಗಾಮಾ ಸಿಕ್ಕ ಮ್ಯಾಕ್ರೋಫೇಜ್ ಎಚ್ಚೆತ್ತು ನೈಟ್ರಿಕ್ ಆಕ್ಸೈಡನ್ನೂ ಆಮ್ಲಜನಕದ ಉಗ್ರ ಅಣುಗಳನ್ನೂ ತಯಾರಿಸಿ ತನ್ನೊಳಗಿನ ಪರಾವಲಂಬಿಯನ್ನು ತಾನೇ ಕೊಲ್ಲುತ್ತದೆ. ಟಿಎನ್‌ಎಫ್ ಎಂಬ ಇನ್ನೊಂದು ಸೈಟೋಕೈನ್ ಇದಕ್ಕೆ ಕೈ ಜೋಡಿಸುತ್ತದೆ. ಸೋಂಕು ತಗುಲಿದ ಬಹುಪಾಲು ಜನ ಕಾಯಿಲೆ ಬೀಳದೇ ಇರುವುದು ಈ ಸರಪಳಿ ನೆಟ್ಟಗಿರುವುದರಿಂದ. ಅಪೌಷ್ಟಿಕತೆ, ಎಚ್‌ಐವಿ, ಸ್ಟೆರಾಯ್ಡ್, ಅಂಗಕಸಿಯ ಔಷಧಿ ಇದರ ಕೊಂಡಿ ಕಳಚುತ್ತವೆ.

ಪರೀಕ್ಷೆಯಲ್ಲಿ "ಟಿಎಚ್1 ಒಳ್ಳೆಯದು, ಟಿಎಚ್2 ಕೆಟ್ಟದ್ದು" ಎಂದು ಬರೆದರೆ ಸಾಕೇ?

ಟಿಎಚ್1 ಎಂದರೆ ಇಂಟರ್‌ಫೆರಾನ್ ಗಾಮಾ ಬಿಡುವ ಸಿಡಿ4 ಟಿ ಕೋಶ, ಟಿಎಚ್2 ಎಂದರೆ ಐಎಲ್-4 ಬಿಡುವುದು. ಹಾಗೆ ಬರೆದರೆ ಅಂಕ ಬರಬಹುದು. ಆದರೆ ಅದು ಇಲಿಯ ಕಥೆ. ಲೀಶ್ಮೇನಿಯಾ ಮೇಜರ್ ಚುಚ್ಚಿದಾಗ ಸಿ57 ಬ್ಲ್ಯಾಕ್ ತಳಿಯ ಇಲಿ ಇಂಟರ್‌ಫೆರಾನ್ ಗಾಮಾ ಮಾಡಿ ಗುಣವಾಗುತ್ತದೆ, ಬಾಲ್ಬ್-ಸಿ ತಳಿ ಐಎಲ್-4 ಮಾಡಿ ಸಾಯುತ್ತದೆ. ಪಠ್ಯಪುಸ್ತಕಗಳಿಗೆ ಇಷ್ಟು ಅಚ್ಚುಕಟ್ಟಾದ ಉದಾಹರಣೆ ಬೇರೆಲ್ಲೂ ಸಿಗಲಿಲ್ಲ, ಅದಕ್ಕೇ ಅದು ಅಲ್ಲಿ ಬೇರೂರಿದೆ.

ಮನುಷ್ಯರ ಕಾಲಾ ಆಜಾರ್‌ನಲ್ಲಿ ಹೀಗೆ ಎರಡು ಪಾಲು ಆಗುವುದಿಲ್ಲ. ಕಾಯಿಲೆ ಜೋರಾಗಿರುವಾಗಲೂ ಗುಲ್ಮದಲ್ಲಿ ಇಂಟರ್‌ಫೆರಾನ್ ಗಾಮಾ ಇರುತ್ತದೆ, ರಕ್ತದಲ್ಲೂ ಏರಿರುತ್ತದೆ. ತೊಂದರೆ ಅದರ ಕೊರತೆಯದ್ದಲ್ಲ, ಪಕ್ಕದಲ್ಲೇ ಕೂತಿರುವ ಐಎಲ್-10ರದ್ದು. ಬಿಹಾರದ ಮುಜಫರ್‌ಪುರದ ರೋಗಿಗಳ ಮೇಲೆ ನಡೆದ ಕೆಲಸ ಇದನ್ನು ಚೆನ್ನಾಗಿ ತೋರಿಸಿತು. ರಕ್ತದಿಂದ ಬೇರ್ಪಡಿಸಿ ತೊಳೆದ ಬಿಳಿಕೋಶಗಳಿಗೆ ಲೀಶ್ಮೇನಿಯಾ ಆಂಟಿಜೆನ್ ಕೊಟ್ಟರೆ ಅವು ಮೌನ. ಅದೇ ರೋಗಿಯ ರಕ್ತವನ್ನು ಬೇರ್ಪಡಿಸದೆ ಇಡಿಯಾಗಿ ಇಟ್ಟು ಅದೇ ಆಂಟಿಜೆನ್ ಕೊಟ್ಟರೆ ಇಂಟರ್‌ಫೆರಾನ್ ಗಾಮಾವೂ ಬರುತ್ತದೆ, ಐಎಲ್-10 ಕೂಡ ಬರುತ್ತದೆ. ದಶಕಗಳ ಕಾಲ "ರೋಗಿಯ ಟಿ ಕೋಶ ನಿದ್ದೆ ಹೋಗಿದೆ" ಎಂದು ಬರೆದದ್ದರಲ್ಲಿ ಒಂದು ಪಾಲು ಪರೀಕ್ಷೆ ಮಾಡಿದ ರೀತಿಯ ಫಲ.

ಆರ್‌ಕೆ39 ಅಂದರೆ ನಿಖರವಾಗಿ ಏನು?

ಪರಾವಲಂಬಿಯ ಕೈನೆಸಿನ್ ಜಾತಿಯ ಒಂದು ಪ್ರೊಟೀನ್‌ನಲ್ಲಿ 39 ಅಮೈನೋ ಆಮ್ಲಗಳ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ಬ್ರೆಜಿಲ್‌ನ ತಳಿಯಿಂದ ಆ ಭಾಗದ ಜೀನ್ ತೆಗೆದು, ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ಮಾಡಿದ ಪ್ರೊಟೀನೇ ಆರ್‌ಕೆ39. 1993ರಲ್ಲಿ ಪ್ರಕಟವಾಯಿತು. ಅದರಲ್ಲಿ ಆ ಸಾಲು ಆರೂವರೆ ಬಾರಿ ಇದೆ. ಒಂದೇ ನಮೂನೆ ಸಾಲಾಗಿ ನಿಂತಿರುವುದರಿಂದ ಬಿ ಕೋಶದ ಹಲವು ಗ್ರಾಹಿಗಳು ಒಟ್ಟಿಗೆ ಸಿಕ್ಕಿಕೊಳ್ಳುತ್ತವೆ, ಆಂಟಿಬಾಡಿ ಭಾರಿ ಪ್ರಮಾಣದಲ್ಲಿ ಹುಟ್ಟುತ್ತದೆ. ಸಣ್ಣ ಪಟ್ಟಿಯ ಮೇಲೆ ಬರಿಗಣ್ಣಿಗೆ ಗೆರೆ ಕಾಣುವುದು ಅದರಿಂದಲೇ.

ಭಾರತ ಉಪಖಂಡದಲ್ಲಿ ಕಾಯಿಲೆ ಇರುವ 100 ಜನರಲ್ಲಿ ಸುಮಾರು 97 ಮಂದಿಯನ್ನು ಈ ಪಟ್ಟಿ ಹಿಡಿಯುತ್ತದೆ. ಪೂರ್ವ ಆಫ್ರಿಕಾದಲ್ಲಿ ಅದೇ ಪಟ್ಟಿ 85ರ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿನ ಪರಾವಲಂಬಿಯ ಈ ಸಾಲಿನಲ್ಲಿ ಅಕ್ಷರ ವ್ಯತ್ಯಾಸ ಇದೆ, ಅಲ್ಲಿಯವರ ಆಂಟಿಬಾಡಿ ಮಟ್ಟವೂ ಕಡಿಮೆ. ಸುಡಾನ್ ಕಡೆಗೆಂದು ಆರ್‌ಕೆ28 ಮಾಡಿದ್ದು ಆ ಕಾರಣಕ್ಕೆ. ನಮಗೆ ಆರ್‌ಕೆ39 ಸಾಕು.

ಪಟ್ಟಿ ಪರೀಕ್ಷೆ ಮಾಡುವುದು ಹೇಗೆ?

ಮೊದಲು ಕಿಟ್‌ನ ಕಾಗದ ಓದಿ. ರಕ್ತದ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ, ಕೆಲವಕ್ಕೆ 10 ಮೈಕ್ರೋಲೀಟರ್, ಕೆಲವಕ್ಕೆ 20. ಸಾಮಾನ್ಯ ಕ್ರಮ ಹೀಗೆ. ಪೊಟ್ಟಣವನ್ನು ಕೋಣೆಯ ಶಾಖಕ್ಕೆ ತಂದು, ಬಳಸುವ ಹೊತ್ತಿಗೆ ಹರಿಯಿರಿ. ಪಟ್ಟಿಯ ಮೇಲೆ ರೋಗಿಯ ಹೆಸರು, ಹಾಕಿದ ಹೊತ್ತು ಬರೆಯಿರಿ. ಬೆರಳನ್ನು ಸ್ಪಿರಿಟ್‌ನಲ್ಲಿ ಒರೆಸಿ, ಸ್ಪಿರಿಟ್ ಪೂರ್ತಿ ಆರುವ ತನಕ ಕಾಯಿರಿ. ಆರದೇ ಚುಚ್ಚಿದರೆ ರಕ್ತ ಒಡೆದು ಪಟ್ಟಿಯ ಹಿನ್ನೆಲೆ ಕೆಂಪಾಗುತ್ತದೆ. ಮೊದಲ ಹನಿ ಒರೆಸಿ ಬಿಡಿ, ಎರಡನೆಯದನ್ನು ಪಿಪೆಟ್‌ನಲ್ಲಿ ಅಳೆದು ತೆಗೆದು ಪಟ್ಟಿಯ ಕೆಳತುದಿಯ ಪ್ಯಾಡಿಗೆ ಹಾಕಿ. ಅದು ಇಂಗಿದ ಮೇಲೆ ಕಿಟ್‌ನ ಬಫರ್ 2–3 ಹನಿ. 10 ನಿಮಿಷಕ್ಕೆ ಓದಿ, ಅಥವಾ ಕಾಗದದಲ್ಲಿ ಹೇಳಿದ ಹೊತ್ತಿಗೆ.

ಎಲ್ಲಿ ಕೆಡುತ್ತದೆ? ಮುಖ್ಯವಾಗಿ ಬಫರ್‌ನಲ್ಲಿ. ಕಿಟ್‌ನ ಬಾಟಲಿ ಮುಗಿದು ಮಲೇರಿಯಾ ಕಿಟ್‌ನ ಬಫರ್, ನಾರ್ಮಲ್ ಸಲೈನ್, ಕೊನೆಗೆ ಡಿಸ್ಟಿಲ್ಡ್ ವಾಟರ್ ಹಾಕುವುದುಂಟು. ಉಪ್ಪಿನ ಅಂಶ, ಡಿಟರ್ಜೆಂಟ್, ಪಿಎಚ್ ಬದಲಾದರೆ ಗೆರೆಗೆ ಬಣ್ಣ ಕೊಡಲು ಪಟ್ಟಿಯಲ್ಲಿಟ್ಟ ಚಿನ್ನದ ಕಣಗಳು ಗುಂಪುಗಟ್ಟುತ್ತವೆ, ಇಲ್ಲವೇ ಸುಳ್ಳು ಗೆರೆ ಎಳೆಯುತ್ತವೆ. ಬಫರ್ ಇಲ್ಲದ ಪಟ್ಟಿ ಕಸಕ್ಕೆ ಸಮ. ಎರಡನೆಯದು ಓದುವ ಹೊತ್ತು. ಪಟ್ಟಿ ಹಾಕಿ ಊಟಕ್ಕೆ ಹೋಗಿ ಮುಕ್ಕಾಲು ಗಂಟೆ ಬಿಟ್ಟು ಬಂದರೆ ನೆಗೆಟಿವ್ ಪಟ್ಟಿಯಲ್ಲೂ ತೆಳು ಗೆರೆ ಮೂಡಿರಬಹುದು. ಅದು ಪಾಸಿಟಿವ್ ಅಲ್ಲ, ಹೊಸ ಪಟ್ಟಿ ತೆಗೆದು ಮತ್ತೆ ಮಾಡಿ.

ಹೇಳಿದ ಹೊತ್ತಿಗೇ ಓದಿದೆ, ಗೆರೆ ತುಂಬಾ ಮಸುಕು. ಏನೆಂದು ಬರೆಯಲಿ?

ಪಾಸಿಟಿವ್ ಎಂದೇ. "ವೀಕ್ ಪಾಸಿಟಿವ್" ಎಂಬ ಮೂರನೇ ಜಾತಿ ಈ ಪಟ್ಟಿಯಲ್ಲಿ ಇಲ್ಲ. ಗೆರೆಯ ದಪ್ಪಕ್ಕೂ ಕಾಯಿಲೆಯ ತೀವ್ರತೆಗೂ ಸಂಬಂಧ ಕಟ್ಟಬೇಡಿ. ಸಂಶಯ ಇದ್ದರೆ ಇನ್ನೊಬ್ಬರಿಗೆ ಕಿಟಕಿ ಬೆಳಕಿನಲ್ಲಿ ತೋರಿಸಿ, ನಿಮ್ಮ ಅಭಿಪ್ರಾಯ ಮೊದಲೇ ಹೇಳದೆ.

ಕಂಟ್ರೋಲ್ ಗೆರೆ ಬಂದಿದೆ, ಟೆಸ್ಟ್ ಗೆರೆ ಇಲ್ಲ. ನೆಗೆಟಿವ್ ಎಂದು ನಿಶ್ಚಿಂತೆಯಿಂದ ಹೇಳಬಹುದೇ?

ರಕ್ತ ಸರಿಯಾಗಿ ಹಾಕಿದ್ದು ನಿಮಗೆ ಗೊತ್ತಿದ್ದರೆ ಹೌದು. ಇಲ್ಲೊಂದು ಸೂಕ್ಷ್ಮ ಇದೆ. ಹಲವು ಪಟ್ಟಿಗಳಲ್ಲಿ ಚಿನ್ನದ ಕಣಕ್ಕೆ ಪ್ರೊಟೀನ್-ಎ ಅಂಟಿಸಿರುತ್ತಾರೆ, ಮೇಲಿನ ಕಂಟ್ರೋಲ್ ಗೆರೆ ಆ ಪ್ರೊಟೀನ್-ಎಯನ್ನೇ ಹಿಡಿಯುತ್ತದೆ. ಅಂದರೆ ರಕ್ತ ಹಾಕದೆ ಬರೀ ಬಫರ್ ಸುರಿದರೂ ಕಂಟ್ರೋಲ್ ಗೆರೆ ಬರುತ್ತದೆ. ದ್ರವ ಹರಿಯಿತು, ಚಿನ್ನ ಕೆಟ್ಟಿಲ್ಲ ಎಂಬಷ್ಟನ್ನೇ ಆ ಗೆರೆ ಹೇಳುವುದು. ರಕ್ತ ಬಿತ್ತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಕಂಟ್ರೋಲ್ ಗೆರೆ ಬಾರದಿದ್ದರೆ ಮಾತ್ರ, ಟೆಸ್ಟ್ ಗೆರೆ ಎಷ್ಟೇ ಕಡುವಾಗಿರಲಿ, ಆ ಪಟ್ಟಿ ಲೆಕ್ಕಕ್ಕಿಲ್ಲ.

ಕಾಯಿಲೆಯ ತೀರ ಆರಂಭದಲ್ಲೂ ನೆಗೆಟಿವ್ ಬರಬಹುದು. ಅನುಮಾನ ಉಳಿದರೆ ಒಂದೆರಡು ವಾರ ಬಿಟ್ಟು ಮತ್ತೆ ಮಾಡಿ, ಅಥವಾ ಮೂಳೆಮಜ್ಜೆ ನೋಡಿ.

ಏಪ್ರಿಲ್–ಮೇ ಬಿಸಿಲಲ್ಲಿ ಕಿಟ್ ಹೇಗೆ ಇಡುವುದು?

ಹೆಚ್ಚಿನ ಕಿಟ್‌ಗಳ ಮೇಲ್ಮಿತಿ 30 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕಡಿಮೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೇಸಿಗೆಯಲ್ಲಿ ಹೊರಗಡೆಯೇ 40ರ ಹತ್ತಿರ, ತಗಡಿನ ಶೀಟಿನ ಸ್ಟೋರ್‌ರೂಮಿನಲ್ಲಿ ಇನ್ನೂ ಹೆಚ್ಚು. ನಿಂತ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಒಂದು ಮಧ್ಯಾಹ್ನ ಇಟ್ಟ ಡಬ್ಬಿಯನ್ನು ನಂಬಬೇಡಿ. ಫ್ರಿಜ್‌ನ ಫ್ರೀಜರ್ ಖಾನೆಯಲ್ಲೂ ಇಡಬೇಡಿ. ಪೊಟ್ಟಣದೊಳಗಿನ ತೇವ ಹೀರುವ ಚೀಲದ ಬಣ್ಣ ಬದಲಾಗಿದ್ದರೆ ಪಟ್ಟಿ ಬಿಸಾಡಿ.

ಆರ್‌ಕೆ39 ಪಾಸಿಟಿವ್ ಬಂತೆಂದರೆ ಕಾಲಾ ಆಜಾರ್ ಖಚಿತವೇ?

ಯಾರ ರಕ್ತ ಎಂಬುದರ ಮೇಲೆ ನಿಂತಿದೆ. ಜ್ವರದ ಬೇರೆ ರೋಗಿಗಳಲ್ಲಿ ಈ ಪರೀಕ್ಷೆ ಸುಮಾರು 100ಕ್ಕೆ 90 ಮಂದಿಯನ್ನು ಸರಿಯಾಗಿ ನೆಗೆಟಿವ್ ಎನ್ನುತ್ತದೆ. ಉಳಿದ 10 ಸುಳ್ಳು ಪಾಸಿಟಿವ್. ಒಂದು ಲೆಕ್ಕ ಹಾಕಿ ನೋಡೋಣ.

ಬಿಹಾರದಿಂದ ಬಂದ, ವಾರಗಟ್ಟಲೆ ಜ್ವರ ಇರುವ, ಗುಲ್ಮ ಊದಿದ 100 ಜನ. ಇವರಲ್ಲಿ 40 ಮಂದಿಗೆ ನಿಜವಾಗಿ ಕಾಲಾ ಆಜಾರ್ ಇದೆ ಎಂದಿಟ್ಟುಕೊಳ್ಳಿ. 97ರ ಲೆಕ್ಕದಲ್ಲಿ 39 ನಿಜ ಪಾಸಿಟಿವ್. ಉಳಿದ 60ರಲ್ಲಿ 6 ಸುಳ್ಳು. ಒಟ್ಟು 45 ಪಾಸಿಟಿವ್, ಅದರಲ್ಲಿ 39 ನಿಜ. ಚಿಕಿತ್ಸೆ ಕೊಡಬಹುದಾದ ಮಟ್ಟ.

ಈಗ ದಾವಣಗೆರೆಯಲ್ಲೇ ಹುಟ್ಟಿ ಬೆಳೆದು, ಎಲ್ಲೂ ಹೋಗದ, ಜ್ವರ ಇರುವ 200 ಜನಕ್ಕೆ "ಇದೂ ಒಂದಿರಲಿ" ಎಂದು ಪಟ್ಟಿ ಹಾಕಿದಿರಿ. ಕಾಲಾ ಆಜಾರ್ ಯಾರಿಗೂ ಇಲ್ಲ. ಪಾಸಿಟಿವ್ ಬರುವವರು 20, ಇಪ್ಪತ್ತೂ ಸುಳ್ಳು. ಪಟ್ಟಿ ಒಂದೇ, ಟೆಕ್ನಿಷಿಯನ್ ಒಬ್ಬರೇ, ಬಫರ್ ಕೂಡ ಒಂದೇ. ಬದಲಾದದ್ದು ರೋಗಿಯ ಊರು.

ಹಾಗಾಗಿ ಫಾರಂನಲ್ಲಿ ಊರಿನ ಕಾಲಂ ಖಾಲಿ ಬಿಟ್ಟು ಕಳಿಸಿದ ಸ್ಯಾಂಪಲ್‌ಗೆ ಉತ್ತರ ಕೊಡುವುದು ಕಷ್ಟ. ಸ್ಥಳೀಯರಲ್ಲಿ ಮಲೇರಿಯಾ, ಟೈಫಾಯ್ಡ್, ಟಿಬಿ, ರಕ್ತದ ಕ್ಯಾನ್ಸರ್ ಮೊದಲು ನೋಡಿ. ಚಳ್ಳಕೆರೆ, ಹಿರಿಯೂರು ಕಡೆಯ ಕುರಿಗಾಹಿಯಾದರೆ ಬ್ರೂಸೆಲ್ಲಾ ಮರೆಯಲೇಬೇಡಿ. ಕುರಿ ಹೆರಿಗೆ ಮಾಡಿಸುವ, ಹಸಿ ಹಾಲು ಕುಡಿಯುವ ಮನೆಯಲ್ಲಿ ಬಿಟ್ಟು ಬಿಟ್ಟು ಬರುವ ಜ್ವರಕ್ಕೂ ಊದಿದ ಗುಲ್ಮಕ್ಕೂ ಅದು ಹೆಚ್ಚು ಸಂಭವದ ಕಾರಣ.

ಎರಡು ವರ್ಷದ ಹಿಂದೆ ಕಾಲಾ ಆಜಾರ್ ಆಗಿ ವಾಸಿಯಾದವರಿಗೆ ಈಗ ಮತ್ತೆ ಜ್ವರ. ಪಟ್ಟಿ ಪಾಸಿಟಿವ್. ಮರುಕಳಿಸಿದೆಯೇ?

ಪಟ್ಟಿಯಿಂದ ಹೇಳಲಾಗದು. ಪರಾವಲಂಬಿ ಸತ್ತ ಮೇಲೂ ಈ ಆಂಟಿಬಾಡಿ ವರ್ಷಗಟ್ಟಲೆ ಉಳಿಯುತ್ತದೆ. ನೆಲೆಯ ಜಿಲ್ಲೆಗಳಲ್ಲಿ ಕಾಯಿಲೆಯೇ ಬೀಳದ ಆರೋಗ್ಯವಂತರಲ್ಲೂ ಒಂದಷ್ಟು ಮಂದಿ ಪಾಸಿಟಿವ್. ಇವರಿಗೆ ಚಿಕಿತ್ಸೆ ಬೇಡ. ಗುಣವಾಯಿತೇ ಎಂದು ನೋಡಲು ಈ ಪಟ್ಟಿ ಬಳಸುವುದು ತಪ್ಪು. ಚಿಕಿತ್ಸೆ ಫಲ ಕೊಟ್ಟದ್ದನ್ನು ಇಳಿದ ಜ್ವರ, ಕುಗ್ಗುವ ಗುಲ್ಮ, ಏರುವ ಹಿಮೋಗ್ಲೋಬಿನ್ ಮತ್ತು ತೂಕದಲ್ಲಿ ನೋಡಿ, 6 ತಿಂಗಳ ತನಕ. ಮರುಕಳಿಕೆ ಅನುಮಾನ ಬಂದರೆ ಪರಾವಲಂಬಿಯನ್ನೇ ಹುಡುಕಬೇಕು: ಮೂಳೆಮಜ್ಜೆ, ಗುಲ್ಮ, ಅಥವಾ ಪಿಸಿಆರ್ (ಪರಾವಲಂಬಿಯ ಡಿಎನ್ಎ ಹುಡುಕುವ ಪರೀಕ್ಷೆ).

ಎಚ್‌ಐವಿ ಇರುವವರಲ್ಲಿ?

ಆಂಟಿಬಾಡಿ ಕಡಿಮೆ ಹುಟ್ಟುವುದರಿಂದ ಕಾಯಿಲೆ ಪಟ್ಟಿಗೆ ಸಿಗದೆ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಪರಾವಲಂಬಿ ಮಾತ್ರ ತುಂಬಿರುತ್ತದೆ, ಕೆಲವೊಮ್ಮೆ ರಕ್ತದ ಸ್ಮಿಯರ್‌ನಲ್ಲೇ ಕಾಣುತ್ತದೆ. ನೆಗೆಟಿವ್ ಪಟ್ಟಿ ಹಿಡಿದು ಮನೆಗೆ ಕಳಿಸಬೇಡಿ. ಕಾಲಾ ಆಜಾರ್ ಇರುವ ಪ್ರತಿಯೊಬ್ಬರಿಗೂ ಎಚ್‌ಐವಿ ಪರೀಕ್ಷೆ ಆಗಲೇಬೇಕು, ಚಿಕಿತ್ಸೆಯ ಡೋಸೇ ಬೇರೆ.

ಮೂಳೆಮಜ್ಜೆ ಸ್ಮಿಯರ್‌ನಲ್ಲಿ ಎಲ್‌ಡಿ ಬಾಡಿ ಗುರುತಿಸುವುದು ಹೇಗೆ?

ಎಲ್‌ಡಿ ಬಾಡಿ ಎಂದರೆ ಮ್ಯಾಕ್ರೋಫೇಜ್‌ನೊಳಗೆ ಕಾಣುವ ಲೀಶ್ಮೇನಿಯಾ ಪರಾವಲಂಬಿ. ಜೀಮ್ಸಾ ಬಣ್ಣ, ಆಯಿಲ್ ಇಮ್ಮರ್ಶನ್, ತಾಳ್ಮೆ. 2–4 ಮೈಕ್ರಾನ್‌ನ ದುಂಡು ಅಥವಾ ಮೊಟ್ಟೆಯಾಕಾರದ ಕಾಯ, ತಿಳಿನೀಲಿ ಸೈಟೋಪ್ಲಾಸಂ. ಒಳಗೆ ಎರಡು ಗುರುತು ಕಾಣಲೇಬೇಕು: ದೊಡ್ಡ ದುಂಡನೆಯ ನ್ಯೂಕ್ಲಿಯಸ್, ಅದರ ಪಕ್ಕ ಕಡ್ಡಿಚೂರಿನಂತೆ ಕಡುವಾಗಿ ನಿಂತ ಕೈನೆಟೋಪ್ಲಾಸ್ಟ್. ಕೈನೆಟೋಪ್ಲಾಸ್ಟ್ ಕಾಣದಿದ್ದರೆ ಎಲ್‌ಡಿ ಎನ್ನಬೇಡಿ. ಪ್ಲೇಟ್‌ಲೆಟ್ ಜೀವಕೋಶದ ಮೇಲೆ ಕೂತಾಗ ಮೋಸ ಮಾಡುತ್ತದೆ. ಹಿಸ್ಟೋಪ್ಲಾಸ್ಮಾವೂ ಅಳತೆಯಲ್ಲಿ ಹೀಗೇ ಇದೆ, ಆದರೆ ಅದಕ್ಕೆ ಕೈನೆಟೋಪ್ಲಾಸ್ಟ್ ಇಲ್ಲ, ಸುತ್ತ ಬಿಳಿ ಉಂಗುರ ಕಾಣುತ್ತದೆ. ಸ್ಲೈಡಿನ ಬಾಲದ ಕಡೆ, ಮ್ಯಾಕ್ರೋಫೇಜ್‌ಗಳು ಸೇರುವ ಅಂಚಿನಲ್ಲಿ ಹುಡುಕಿ. ಜೀವಕೋಶ ಒಡೆದು ಹೊರಬಿದ್ದ ಎಲ್‌ಡಿಗಳೂ ಅಲ್ಲಿ ಸಿಗುತ್ತವೆ.

ಗುಲ್ಮದ ಸೂಜಿ ಪರೀಕ್ಷೆ 90ಕ್ಕೂ ಹೆಚ್ಚು ಪಾಲು ಹಿಡಿಯುತ್ತದೆ, ಮೂಳೆಮಜ್ಜೆ ಅದಕ್ಕಿಂತ ಹಿಂದೆ. ಆದರೆ ಪ್ಲೇಟ್‌ಲೆಟ್ 40,000ಕ್ಕಿಂತ ಕಡಿಮೆ ಇದ್ದರೆ ಅಥವಾ ಪ್ರೋಥ್ರಾಂಬಿನ್ ಟೈಮ್ ಕಂಟ್ರೋಲ್‌ಗಿಂತ 5 ಸೆಕೆಂಡ್ ಮೀರಿದ್ದರೆ ಗುಲ್ಮಕ್ಕೆ ಸೂಜಿ ಹಾಕುವಂತಿಲ್ಲ. ವರ್ಷಕ್ಕೊಂದು ಕೇಸ್ ಕೂಡ ಕಾಣದ ಕಡೆ ಮೂಳೆಮಜ್ಜೆಯೇ ಕ್ಷೇಮ.

ಹಳೆಯ ಪುಸ್ತಕದ ಆಲ್ಡಿಹೈಡ್ ಪರೀಕ್ಷೆ ಮಾಡಬಹುದೇ?

ಕಾಲೇಜಿನಲ್ಲಿ ತೋರಿಸಲು ಚೆನ್ನಾಗಿದೆ. 1 ಮಿಲಿ ಲೀಟರ್ ಸೀರಂಗೆ ಒಂದೆರಡು ಹನಿ ಫಾರ್ಮಾಲಿನ್ ಹಾಕಿದರೆ, ಪಾಸಿಟಿವ್ ಸೀರಂ 20 ನಿಮಿಷದೊಳಗೆ ಬೇಯಿಸಿದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ಬೆಳ್ಳಗಾಗುತ್ತದೆ. ಅದು ಹೇಳುವುದು ಗ್ಲೋಬ್ಯುಲಿನ್ ಹೆಚ್ಚಿದೆ ಎಂದು. ಮೈಲೋಮಾ, ಸಿರೋಸಿಸ್, ಹಳೆಯ ಟಿಬಿಯಲ್ಲೂ ಗ್ಲೋಬ್ಯುಲಿನ್ ಹೆಚ್ಚುತ್ತದೆ. ಲೀಶ್ಮೇನಿಯಾದ ಯಾವ ಆಂಟಿಜೆನ್ನೂ ಅದರಲ್ಲಿಲ್ಲ. ರೋಗಿಯ ರಿಪೋರ್ಟಿಗೆ ಬೇಡ.

ಎಂಡಿ ಪ್ರಬಂಧಕ್ಕೆ ಎಲೈಸಾ ಮಾಡುತ್ತಿದ್ದೇವೆ. ಕಟ್-ಆಫ್ ಎಲ್ಲಿ ಹಾಕುವುದು?

ಎಲೈಸಾ ಎಂದರೆ ತಟ್ಟೆಯ ಸಣ್ಣ ಬಾವಿಗಳಲ್ಲಿ ಬಣ್ಣದ ಗಾಢತೆಯಿಂದ ಆಂಟಿಬಾಡಿ ಅಳೆಯುವ ಪರೀಕ್ಷೆ, ಕಟ್-ಆಫ್ ಎಂದರೆ ಪಾಸಿಟಿವ್ ಎನ್ನಲು ದಾಟಬೇಕಾದ ಅಂಕಿ. ಕೆಲಸದ ರೂಢಿ ಹೀಗಿದೆ: ಪಿಎಚ್ 9.6ರ ಕಾರ್ಬೊನೇಟ್ ಬಫರ್‌ನಲ್ಲಿ ಆಂಟಿಜೆನ್ ಕರಗಿಸಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಬಾವಿಗಳಿಗೆ ಅಂಟಲು ಬಿಡುವುದು. ಬೆಳಿಗ್ಗೆ ಟ್ವೀನ್ ಹಾಕಿದ ಪಿಬಿಎಸ್‌ನಲ್ಲಿ ತೊಳೆದು, ಬಿಎಸ್‌ಎ ಇಂದ ಖಾಲಿ ಜಾಗ ಮುಚ್ಚುವುದು, ತೆಳು ಮಾಡಿದ ಸೀರಂ, ಮತ್ತೆ ತೊಳೆತ, ಎಚ್‌ಆರ್‌ಪಿ ಕಿಣ್ವ ಕಟ್ಟಿದ ಮಾನವ-ಐಜಿಜಿ ವಿರೋಧಿ ಆಂಟಿಬಾಡಿ, ತೊಳೆತ, ಬಣ್ಣ ಬರಿಸುವ ಟಿಎಂಬಿ, ಆಮ್ಲ ಹಾಕಿ ನಿಲ್ಲಿಸಿ 450 ನ್ಯಾನೊಮೀಟರ್‌ನಲ್ಲಿ ಓದುವುದು.

ಕಟ್-ಆಫ್ ಸಾಮಾನ್ಯವಾಗಿ ಆರೋಗ್ಯವಂತರ ಸರಾಸರಿಗೆ 3 ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್) ಕೂಡಿಸಿ ಹಾಕುತ್ತಾರೆ. ಇಲ್ಲೇ ಎಡವುವುದು. ಕಾಲೇಜಿನ ಹಾಸ್ಟೆಲ್ ಹುಡುಗರ 20 ಸೀರಂ ತೆಗೆದು ಕಟ್-ಆಫ್ ಮಾಡಿದರೆ ಅದು ತೀರ ಕೆಳಗೆ ಕೂರುತ್ತದೆ. ಮಲೇರಿಯಾ, ಟಿಬಿ, ಬ್ರೂಸೆಲ್ಲಾ ಇರುವವರ ಸೀರಂ ಕಂಟ್ರೋಲ್‌ನಲ್ಲಿ ಬೇಕೇ ಬೇಕು. ಯಾಕೆಂದರೆ ಪರೀಕ್ಷೆ ಬೇರ್ಪಡಿಸಬೇಕಾದದ್ದು ರೋಗಿಯನ್ನು ಆರೋಗ್ಯವಂತನಿಂದ ಅಲ್ಲ, ಇನ್ನೊಬ್ಬ ರೋಗಿಯಿಂದ. ಪರಾವಲಂಬಿಯನ್ನು ಇಡಿಯಾಗಿ ಅರೆದು ಮಾಡಿದ ಆಂಟಿಜೆನ್ ಬಳಸಿದರೆ ಸುಳ್ಳು ಪಾಸಿಟಿವ್ ಆರ್‌ಕೆ39ಗಿಂತ ಹೆಚ್ಚು. ಅರೆದದ್ದರಲ್ಲಿ ಎಲ್ಲ ಜೀವಿಗಳಿಗೂ ಸಾಮಾನ್ಯವಾದ ಪ್ರೊಟೀನ್‌ಗಳೂ ಸೇರಿರುತ್ತವೆ.

ಟಿ ಕೋಶದ ಪ್ರಯೋಗದಲ್ಲಿ ಆರೋಗ್ಯವಂತರ ರಕ್ತವೂ ನಮ್ಮ ಆಂಟಿಜೆನ್‌ಗೆ ಪ್ರತಿಕ್ರಿಯಿಸುತ್ತಿದೆ. ಯಾಕೆ?

ಹೆಚ್ಚಾಗಿ ಎಂಡೋಟಾಕ್ಸಿನ್. ಆಂಟಿಜೆನ್ ಇ. ಕೋಲಿಯಲ್ಲಿ ಬೆಳೆದದ್ದು, ಅದರ ಹೊರಕವಚದ ಎಲ್‌ಪಿಎಸ್, ಅಂದರೆ ಎಂಡೋಟಾಕ್ಸಿನ್, ನಮ್ಮ ಪ್ರೊಟೀನ್ ಜೊತೆಗೇ ಅಂಟಿಕೊಂಡು ಬರುತ್ತದೆ. ಪಟ್ಟಿ ಅಥವಾ ಎಲೈಸಾಕ್ಕೆ ಇದರಿಂದ ತೊಂದರೆ ಇಲ್ಲ, ಜೀವಂತ ಕೋಶಕ್ಕೆ ಮಾತ್ರ ಬೆಂಕಿ ಹಚ್ಚಿದಂತೆ. ಮೊನೊಸೈಟ್‌ಗಳು ಟಿಎನ್‌ಎಫ್, ಐಎಲ್-10 ಎಲ್ಲವನ್ನೂ ಸುರಿಸುತ್ತವೆ, ನೀವು ಅದನ್ನು ಲೀಶ್ಮೇನಿಯಾ ಪ್ರತಿಕ್ರಿಯೆ ಎಂದು ಬರೆದುಬಿಡುತ್ತೀರಿ. ಎಲ್‌ಎಎಲ್ ಪರೀಕ್ಷೆಯಲ್ಲಿ ಎಂಡೋಟಾಕ್ಸಿನ್ ಅಳೆಯಿರಿ. ಒಂದು ಕೊಳವೆಗೆ ಪಾಲಿಮಿಕ್ಸಿನ್ ಬಿ ಸೇರಿಸಿ ನೋಡಿ, ಅದು ಎಲ್‌ಪಿಎಸ್ ಕಟ್ಟಿಹಾಕುತ್ತದೆ. ಇನ್ನೊಂದರಲ್ಲಿ ಆಂಟಿಜೆನ್ ಕುದಿಸಿ ಹಾಕಿ. ಕುದಿಸಿದರೂ ಪ್ರತಿಕ್ರಿಯೆ ಕುಂದದೆ, ಪಾಲಿಮಿಕ್ಸಿನ್ ಹಾಕಿದಾಗ ಬಿದ್ದರೆ ಅದು ಎಲ್‌ಪಿಎಸ್ಸೇ.

ಇಡೀ ರಕ್ತದ ಪರೀಕ್ಷೆಗೆ ಹೆಪಾರಿನ್ ಕೊಳವೆ ಬಳಸಿ. ಇಡಿಟಿಎ ಕ್ಯಾಲ್ಸಿಯಂ ಎಳೆದುಕೊಳ್ಳುವುದರಿಂದ ಟಿ ಕೋಶ ಏಳುವುದಿಲ್ಲ. ರಕ್ತ ತೆಗೆದ ಕೆಲವೇ ಗಂಟೆಗಳಲ್ಲಿ ಶುರು ಮಾಡಿ, ಫ್ರಿಜ್‌ನಲ್ಲಿ ಇಡಬೇಡಿ. ಮೂರು ಕೊಳವೆ ಕಡ್ಡಾಯ: ಏನೂ ಹಾಕದ್ದು, ಆಂಟಿಜೆನ್ ಹಾಕಿದ್ದು, ಟಿ ಕೋಶಗಳನ್ನು ಹೇಗಿದ್ದರೂ ಎಬ್ಬಿಸುವ ಪಿಎಚ್‌ಎ ಹಾಕಿದ್ದು. ಪಿಎಚ್‌ಎ ಕೊಳವೆಯೇ ಸತ್ತಿದ್ದರೆ ಆಂಟಿಜೆನ್ ಕೊಳವೆಯ ನೆಗೆಟಿವ್‌ಗೆ ಅರ್ಥವಿಲ್ಲ.

ಲೀಶ್ಮೇನಿನ್ ಚರ್ಮದ ಪರೀಕ್ಷೆ ಎಂದರೆ?

ಟಿಬಿಗೆ ಚರ್ಮದಲ್ಲಿ ಮಾಡುವ ಮಾಂಟೂ ಪರೀಕ್ಷೆಯ ದಾಯಾದಿ. ಕೊಂದ ಪರಾವಲಂಬಿಯ ಆಂಟಿಜೆನ್ 0.1 ಮಿಲಿ ಲೀಟರ್ ಚರ್ಮದೊಳಗೆ ಚುಚ್ಚಿ, 48–72 ಗಂಟೆಗೆ ಗಡಸು ಅಳೆಯುವುದು, 5 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಪಾಸಿಟಿವ್. ಸ್ವಾರಸ್ಯ ಏನೆಂದರೆ ಇದು ಆರ್‌ಕೆ39ರ ತಿರುವುಮುರುವು. ಕಾಯಿಲೆ ಜೋರಾಗಿರುವಾಗ ಆಂಟಿಬಾಡಿ ಪಾಸಿಟಿವ್, ಚರ್ಮ ನೆಗೆಟಿವ್. ವಾಸಿಯಾಗಿ ತಿಂಗಳುಗಳಾದ ಮೇಲೆ ಚರ್ಮ ಪಾಸಿಟಿವ್ ಆಗುತ್ತದೆ, ಅಂದರೆ ಟಿ ಕೋಶದ ರಕ್ಷಣೆ ಹುಟ್ಟಿದೆ. ನಮ್ಮ ಆಸ್ಪತ್ರೆಗಳಲ್ಲಿ ದಿನಬಳಕೆಯ ಪರೀಕ್ಷೆಯಲ್ಲ.

ಮರಳುನೊಣ ಮರಳಿನಲ್ಲಿ ಇರುತ್ತದೆಯೇ? ನಾಯಿಯಿಂದ ಬರುತ್ತದೆಯೇ?

ಹೆಸರು ದಾರಿ ತಪ್ಪಿಸುತ್ತದೆ. ಹರಿಹರದ ಹೊಳೆ ಮರಳಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಸಗಣಿ, ಎಲೆಗೊಬ್ಬರ ಬೆರೆತ ತೇವದ ಮಣ್ಣು, ದನದ ಕೊಟ್ಟಿಗೆ, ಬಿರುಕುಬಿಟ್ಟ ಮಣ್ಣಿನ ಗೋಡೆ ಅದಕ್ಕೆ ಬೇಕು. 2–3 ಮಿಲಿಮೀಟರ್ ಉದ್ದ, ಕೂತಾಗ ರೆಕ್ಕೆ ಮೇಲಕ್ಕೆ ತೆರೆದಿರುತ್ತದೆ. ಮಾಮೂಲಿ ಸೊಳ್ಳೆಪರದೆಯ ಕಣ್ಣಲ್ಲಿ ನುಸುಳಬಲ್ಲದು. ಭಾರತದ ಕಾಲಾ ಆಜಾರ್‌ಗೆ ನಾಯಿ ಆಸರೆಯಲ್ಲ, ಮನುಷ್ಯನಿಂದ ನೊಣ, ನೊಣದಿಂದ ಮನುಷ್ಯ. ಬ್ರೆಜಿಲ್, ಮೆಡಿಟರೇನಿಯನ್ ದೇಶಗಳಲ್ಲಿ ನಾಯಿಯೇ ಮುಖ್ಯ. ಇಂಟರ್‌ನೆಟ್ಟಿನಲ್ಲಿ ಓದಿ ಬೀದಿನಾಯಿಗಳ ಮೇಲೆ ಹರಿಹಾಯುವುದು ಬೇಡ.

ಲಸಿಕೆ ಇದೆಯೇ?

ಮನುಷ್ಯರಿಗೆ ಪರವಾನಗಿ ಪಡೆದ ಲಸಿಕೆ ಇಲ್ಲ. ಒಮ್ಮೆ ವಾಸಿಯಾದವರಿಗೆ ಸಾಮಾನ್ಯವಾಗಿ ಮತ್ತೆ ಬರದಿರುವುದರಿಂದ ಲಸಿಕೆ ಸಾಧ್ಯ ಎಂಬುದು ಗೊತ್ತಿದೆ. ತೊಡಕು ಇಷ್ಟೇ: ಆಂಟಿಬಾಡಿ ಎಬ್ಬಿಸುವ ಲಸಿಕೆ ಮಾಡುವುದು ಸುಲಭ, ಬಾಳಿಕೆ ಬರುವ ಟಿ ಕೋಶದ ನೆನಪು ಎಬ್ಬಿಸುವುದು ಕಷ್ಟ. ಆರ್‌ಕೆ39 ಪತ್ತೆಗೆ ಅಷ್ಟು ಚೆನ್ನಾಗಿದ್ದರೂ ರಕ್ಷಣೆಗೆ ಉಪಯೋಗವಾಗದಿರುವುದು ಇದಕ್ಕೇ.

ಬಿಹಾರದ ಯುವಕನ ಮುಖ, ಎದೆ ಮೇಲೆ ಬಿಳಿಚಿದ ಕಲೆ. ಕುಷ್ಠವೇ?

ಮುಟ್ಟಿ ನೋಡಿ. ಕಲೆಯಲ್ಲಿ ಸ್ಪರ್ಶ ಸರಿಯಿದೆ, ನರ ದಪ್ಪವಾಗಿಲ್ಲ ಎಂದರೆ ಪಿಕೆಡಿಎಲ್ ನೆನಪಿಸಿಕೊಳ್ಳಿ, ಕಾಲಾ ಆಜಾರ್ ವಾಸಿಯಾದ ಮೇಲೆ ಚರ್ಮದಲ್ಲಿ ಉಳಿದ ಪರಾವಲಂಬಿಯ ಕಾಯಿಲೆ. ಭಾರತದಲ್ಲಿ ವಾಸಿಯಾದವರಲ್ಲಿ 5ರಿಂದ 10 ಪಾಲು ಜನಕ್ಕೆ, ಹೆಚ್ಚಾಗಿ 2–3 ವರ್ಷದ ನಂತರ ಬರುತ್ತದೆ. ಜ್ವರ ಇಲ್ಲ, ಗುಲ್ಮ ಇಲ್ಲ, ರೋಗಿ ಕೆಲಸಕ್ಕೆ ಹೋಗುತ್ತಲೇ ಇರುತ್ತಾನೆ. ನೊಣಕ್ಕೆ ಪರಾವಲಂಬಿ ಕೊಡುವುದೂ ಇವನೇ. ಆರ್‌ಕೆ39 ಪಾಸಿಟಿವ್ ಬರುತ್ತದೆ, ಹಳೆ ಸೋಂಕಿನಿಂದಲೂ ಬರಬಹುದಾದ್ದರಿಂದ ಚರ್ಮದ ಸೀಳು-ಸ್ಮಿಯರ್ ಅಥವಾ ಪಿಸಿಆರ್ ಬೇಕು. ಚಿಕಿತ್ಸೆ ಮಿಲ್ಟೆಫೋಸಿನ್, 12 ವಾರ. ಹೆಂಗಸರಿಗೆ ಗರ್ಭ ಇಲ್ಲವೆಂದು ಖಚಿತಪಡಿಸಿಕೊಳ್ಳದೆ, ಗರ್ಭನಿರೋಧದ ಏರ್ಪಾಡಿಲ್ಲದೆ ಇದನ್ನು ಕೊಡುವಂತಿಲ್ಲ.

ಪಾಸಿಟಿವ್ ಖಚಿತವಾಯಿತು. ಮುಂದೆ?

ಅಂದೇ ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿಗೆ ತಿಳಿಸಿ. ಔಷಧಿ ರಾಷ್ಟ್ರೀಯ ಕಾರ್ಯಕ್ರಮದ ಮೂಲಕ ಬರುವಂಥದ್ದು. ಎಚ್‌ಐವಿ ಇಲ್ಲದ ರೋಗಿಗೆ ಲೈಪೋಸೋಮಲ್ ಆಂಫೋಟೆರಿಸಿನ್ ಬಿ, ಕಿಲೋಗೆ 10 ಮಿಲಿಗ್ರಾಂ, ಒಂದೇ ಡೋಸ್, ನಿಧಾನವಾಗಿ ಸುಮಾರು 2 ಗಂಟೆ ಹನಿಸಬೇಕು. ಬೆರೆಸುವುದು 5 ಶೇಕಡಾ ಡೆಕ್ಸ್ಟ್ರೋಸ್‌ನಲ್ಲಿ ಮಾತ್ರ. ವಾರ್ಡಿನಲ್ಲಿ ಕೈಗೆ ಮೊದಲು ಸಿಗುವುದು ಸಲೈನ್ ಬಾಟಲಿ, ಅದರಲ್ಲಿ ಬೆರೆಸಿದರೆ ಔಷಧಿ ಗಡ್ಡೆ ಕಟ್ಟಿ ಹಾಳು. ಹಳೆಯ ಸಲೈನ್ ಇದ್ದ ಡ್ರಿಪ್ ಲೈನನ್ನೂ ಮೊದಲು ಡೆಕ್ಸ್ಟ್ರೋಸ್‌ನಿಂದ ತೊಳೆಯಿರಿ. ಡೋಸ್‌ಗೆ ಮುಂಚೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿ.

ಡಿಸ್ಚಾರ್ಜ್ ಚೀಟಿಯಲ್ಲಿ ಊರು, ಬ್ಲಾಕ್, ಜಿಲ್ಲೆ, ಚಿಕಿತ್ಸೆಯ ದಿನಾಂಕ, ಕೊಟ್ಟ ಒಟ್ಟು ಮಿಲಿಗ್ರಾಂ, ಜೊತೆಗೆ "ಆರ್‌ಕೆ39 ಇನ್ನು ವರ್ಷಗಳ ಕಾಲ ಪಾಸಿಟಿವ್ ಬರುತ್ತದೆ" ಎಂಬ ಸಾಲನ್ನೂ ಬರೆಯಿರಿ. ಚೀಟಿ ಕನ್ನಡದಲ್ಲಷ್ಟೇ ಇದ್ದರೆ ಬಿಹಾರದ ಸೀತಾಮಢಿಯ ವೈದ್ಯರಿಗೆ ಓದಲು ಬರುವುದಿಲ್ಲ, ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇನ್ನೊಂದು ಪ್ರತಿ ಕೊಡಿ.